ಕಾಗದದ ಹಿಂಬದಿ

ಕೂತ್ಕೊ, ಜರೀನಾ. ಆ ಸ್ಟೂಲು ಬೇಡ,
ಅದರ ಒಂದು ಕಾಲು ಕುಂಟು,
ಇಲ್ಲಿಗೆ ಬಂದವರೆಲ್ಲ ಮೊದಲ ದಿನ
ಬೀಳುವುದು ಅದರಿಂದಲೇ.

ಬೆಂಗಳೂರಿನ ಕೆರೆಗಳನ್ನು ಉಳಿಸಬೇಕು
ಅಂತ ಬರೆದಿದ್ದೆ ಅರ್ಜಿಯಲ್ಲಿ.
ನಾನು ಕೊಡಬಲ್ಲದ್ದು
ಅಲ್ಲಾಳಸಂದ್ರ ಕೆರೆಯ ಒಂದು ಮೂಲೆ,
ಕೋಡಿಯ ಪಕ್ಕದ್ದು,
ಅದರ ತಳದ ಕೆಸರು, ನೂರಿಪ್ಪತ್ತು ಡಬ್ಬಿ.
ಡಬ್ಬಿ ಡಬ್ಬಿಯಲ್ಲೂ ಕೆಂಪು ಹುಳು,
ಹೊಲಿಗೆ ಬಿಚ್ಚಿದಾಗ ಉಳಿಯುವ ದಾರದ ತುಂಡಿನಂಥವು.
ಎಣಿಸಬೇಕು.
ಅಷ್ಟೇ.

ಅಷ್ಟೇ ಅಂದಾಗ ನಿನ್ನ ಮುಖ ಸಣ್ಣಗಾಯಿತು, ನೋಡಿದೆ.
ಆರನೇ ವಾರ ಸಣ್ಣಗಾಗುವುದಕ್ಕಿಂತ
ಇವತ್ತೇ ಆಗಲಿ.

ಈ ಕಾಗದ ಓದು. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಹತ್ತಕ್ಕೆ.
ಟ್ಯಾನರಿ ರೋಡಿನಿಂದ ಎರಡು ಬಸ್ಸು ಅಂದೆಯಲ್ಲ,
ಹೆಬ್ಬಾಳದ ಫ್ಲೈಓವರು ಯಾರ ಮಾತೂ ಕೇಳುವುದಿಲ್ಲ,
ಹತ್ತೂವರೆ ಅಂತ ತಿದ್ದೋಣ.
ತಡವಾದರೆ ಒಂದು ಮೆಸೇಜು. ಕಾರಣ ಬೇಡ.

ಸ್ಟೈಪೆಂಡು ಎಷ್ಟು ಅಂತ ಕೇಳಲು ನಾಚಿಕೊಂಡೆ.
ತಿಂಗಳಿಗೆ ಆರು ಸಾವಿರ, ಮಂಜೂರಾಗಿದೆ.
ಮಂಜೂರಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ
ಲೆಕ್ಕಪತ್ರ ವಿಭಾಗದ ಸೋಮಶೇಖರಯ್ಯ ಕೂತಿದ್ದಾರೆ,
ಎದುರಿಗೆ ಒಂದು ಫೈಲು, ಫೈಲಿನ ಮೇಲೆ ಊಟದ ಡಬ್ಬಿ.
ಮೂರನೇ ತಿಂಗಳಿಗೆ ಮುಂಚೆ ನಂಬಬೇಡ.
ಬಸ್ ಪಾಸಿನ ದುಡ್ಡು ಈ ಡ್ರಾಯರಿನಲ್ಲಿದೆ. ಸಾಲವಲ್ಲ ಅದು.

ಗಾಜು ತೊಳೆಯುವುದು ಎಲ್ಲರ ಸರದಿ. ನನ್ನದು ಗುರುವಾರ.
ಚಿಕ್ಕತಾಯಮ್ಮ ಇಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ,
ಮೈಕ್ರೋಸ್ಕೋಪಿನ ಬಲ್ಬು ಸುಡುವ ಹಿಂದಿನ ದಿನವೇ
ಅವರಿಗೆ ಗೊತ್ತಾಗುತ್ತದೆ.
ಅವರು ಮುಟ್ಟಬೇಡ ಅಂದರೆ ಮುಟ್ಟಬೇಡ.
ನಾನು ಅಂದರೆ, ಯಾಕೆ ಅಂತ ಕೇಳು.

ನಿನ್ನ ವಯಸ್ಸಿನಲ್ಲಿ ನಾನು...
ಈ ಮಾತು ಆಡಬಾರದೆಂದುಕೊಂಡಿದ್ದೆ, ಬಂದೇಬಿಟ್ಟಿತು.
ಮಲ್ಲೇಶ್ವರದ ಒಂದು ಲ್ಯಾಬಿನಲ್ಲಿ ಬೇಸಿಗೆ ಪೂರ್ತಿ
ಯಾರಾದರೂ ಏನಾದರೂ ಹೇಳುತ್ತಾರೆಂದು ಕಾದೆ.
ಸರ್ ಬಾಗಿಲಲ್ಲಿ ಇಣುಕಿ, "ನಡೀತಿದೆಯಾ?"
"ನಡೀತಿದೆ ಸರ್."
ಏನು ನಡೆಯುತ್ತಿತ್ತೋ ಇಬ್ಬರಿಗೂ ಗೊತ್ತಿರಲಿಲ್ಲ.
ಕೊನೆಯ ದಿನ ಒಂದು ಸರ್ಟಿಫಿಕೇಟು: ಕೆಲಸ ತೃಪ್ತಿಕರ.
ಹೆಸರಿನಲ್ಲಿ ಒಂದಕ್ಷರ ತಪ್ಪು.
ಇನ್ನೂ ಇಟ್ಟುಕೊಂಡಿದ್ದೇನೆ, ಸಿಟ್ಟಿಗಲ್ಲ,
ಬಾಗಿಲಲ್ಲಿ ಇಣುಕಿ ಹೋಗುವುದು
ಎಷ್ಟು ಸುಲಭ ಅಂತ ನೆನಪಿರಲಿ ಎಂದು.

ಎಂಟು ವಾರ ಮುಗಿದಾಗ ಕೆರೆ ಹಾಗೇ ಇರುತ್ತದೆ.
ನೊರೆ ಬಂದರೆ ಬರುತ್ತದೆ, ನಮ್ಮನ್ನು ಕೇಳುವುದಿಲ್ಲ.
ಡಬ್ಬಿಯಲ್ಲಿ ಒಂದೂ ಹುಳು ಇಲ್ಲದಿದ್ದರೆ
ಸೊನ್ನೆ ಅಂತಲೇ ಬರೆ, ಪಕ್ಕದಲ್ಲಿ ತಾರೀಖು ಹಾಕು.
ನನ್ನನ್ನು ಖುಷಿಪಡಿಸಲು
ಅದನ್ನು ಒಂದು ಮಾಡಬೇಡ.
ಪ್ರಬಂಧವಾದರೆ ನಿನ್ನ ಹೆಸರು ಇರುತ್ತದೆ.
ಆಗದೆಯೂ ಹೋಗಬಹುದು.

ನೀನು ಎರಡು ಸಲ ಓದಿದೆ. ಬೆರಳಿಟ್ಟು, ಸಾಲು ಸಾಲು.
ರಜೆಯ ಬಗ್ಗೆ ಕೇಳುತ್ತೀ, ಶಿಫಾರಸು ಪತ್ರದ ಬಗ್ಗೆ ಕೇಳುತ್ತೀ
ಅಂತ ಉತ್ತರ ಸಿದ್ಧವಿಟ್ಟುಕೊಂಡೆ.

"ಎಣಿಸಿದ ಮೇಲೆ ವಾಪಸ್ ಕೆರೆಗೆ ಬಿಡ್ತೀವಾ, ಮೇಡಂ?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಇಲ್ಲ. ಸ್ಪಿರಿಟ್ಟಿಗೆ ಹಾಕುತ್ತೇವೆ. ಆಮೇಲೆ ಎಣಿಸುತ್ತೇವೆ.
ಬದುಕಿದ್ದರೆ ಹೊರಳಾಡುತ್ತವೆ, ಲೆಕ್ಕ ತಪ್ಪುತ್ತದೆ.

"ಎಷ್ಟು ತಪ್ಪುತ್ತೆ?"

ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು.
ಚಿಕ್ಕತಾಯಮ್ಮ ಒರೆಸುತ್ತಿದ್ದ ಬೀಕರು ಕೈಯಲ್ಲೇ ಇತ್ತು.
ಗೊತ್ತಿಲ್ಲ, ಅಂದೆ.

ಕಾಗದ ತಿರುಗಿಸಿ ಹಿಂಬದಿಯಲ್ಲಿ ಬರೆದೆ:
ಎಷ್ಟು ತಪ್ಪುತ್ತದೆ?
ಹತ್ತು ಡಬ್ಬಿ, ಜೀವಂತ. ಎಣಿಸಿ ಬಿಡುವುದು.
ಕೆಳಗೆ ನಿನ್ನ ಹೆಸರು. ಬರೆಯುತ್ತ ನಿಲ್ಲಿಸಿ ಕೇಳಿದೆ,
ಜ ಕೆಳಗೆ ಎರಡು ಚುಕ್ಕೆ ಬೇಕಲ್ಲವಾ?

"ಇರಲಿ ಮೇಡಂ, ಯಾರೂ ಹಾಕಲ್ಲ."

ತಾಳು, ಈ ಪೆನ್ನು ಬರೆಯುತ್ತಿಲ್ಲ.
ಚಿಕ್ಕತಾಯಮ್ಮಾ, ಇನ್ನೊಂದು ಕೊಡಿ.